ಕನ್ನವಿಕ್ಕಿದ ಕೈಗೆ ಕಾಯಕ

ಅಣ್ಣ ಬಸವಣ್ಣನವರು ಅಂತರಂಗ ಬಹಿರಂಗಗಳ ಶುದ್ಧಿಗೆ ಏಳು ನಿಷೇಧಗಳನ್ನು ವಿಧಿಸಿದ್ದಾರೆ. ಆ ವಚನವು ಬಾಯಿಗೆ ಬಾರದ ಮಗು ಶರಣರ ಮನೆಗಳಲ್ಲಿ ವಿರಳ. ಕಳವು, ಕೊಲೆ, ಹುಸಿ, ಮುನಿಸು, ಅನ್ಯರ ವಿಷಯದಲ್ಲಿ ಅಸಹ್ಯ, ಆತ್ಮಸ್ತುತಿ, ಪರನಿಂದೆ: ಇವೇ ವರ್ಜಿಸತಕ್ಕ ಏಳು. ನಿತ್ಯವೂ ಇದನ್ನು ಪಠಿಸುವ ನಾವು ಇದರಲ್ಲಿರುವ ಒಂದು ಸಂಗತಿಯನ್ನು ಗಮನಿಸಿದ್ದೇವೆಯೆ? ಕಳ್ಳನು ಮುರಿಯುವುದು ಮೊದಲನೆಯ ವಿಧಿಯನ್ನು. ಆ ಕಳ್ಳನನ್ನು ಕಂಡು ಮೂಗು ಮುರಿದು, 'ನಮ್ಮ ಮನೆತನದಲ್ಲಿ ಇಂಥವರು ಹುಟ್ಟಿಲ್ಲ' ಎಂದು ಹೆಮ್ಮೆಪಟ್ಟು, 'ಆ ಕೇರಿಯವರೆಲ್ಲ ಇಷ್ಟೇ' ಎಂದು ಹಳಿಯುವ ಸದ್ಗೃಹಸ್ಥನು ಮುರಿಯುವುದು ಐದನೆಯದನ್ನು, ಆರನೆಯದನ್ನು ಮತ್ತು ಏಳನೆಯದನ್ನು. ಒಂದನ್ನು ಮುರಿದವನು ಸೆರೆಮನೆಯಲ್ಲಿದ್ದಾನೆ. ಮೂರನ್ನು ಮುರಿದವನು ವಿಭೂತಿ ಧರಿಸಿ ಪಡಸಾಲೆಯಲ್ಲಿ ಕುಳಿತಿದ್ದಾನೆ.

ಹೀಗೆಂದ ಮಾತ್ರಕ್ಕೆ ಕಳವು ಅಲ್ಪದೋಷವೆಂದು ಯಾರೂ ಭಾವಿಸಲಾಗದು. ಅದು ಮೊದಲನೆಯ ಸ್ಥಾನದಲ್ಲಿ ನಿಂತಿರುವುದೇ ಅದರ ಗುರುತ್ವವನ್ನು ಸಾರುತ್ತದೆ. ಆದರೆ ಮೊದಲನೆಯದನ್ನು ಹಿಡಿದು ಉಳಿದವನ್ನು ಬಿಟ್ಟವನಿಗೆ ಶುದ್ಧಿಯು ಲಭಿಸುವುದಿಲ್ಲವೆಂಬುದೂ ಅಷ್ಟೇ ನಿಶ್ಚಿತ. ಪಟ್ಟಣಗಳ ಬಡ ಕೇರಿಗಳಲ್ಲಿ ನಡೆಯುವ ಅಪರಾಧ, ಅದಕ್ಕೆ ಒದಗುವ ಸೆರೆವಾಸ, ಆ ಕೇರಿಗಳ ಉದ್ಧಾರ ಇವು ಸರಕಾರದ ವಿಷಯಗಳೆಂದು ಬಗೆದು ನಾವು ಕೈತೊಳೆದುಕೊಳ್ಳುತ್ತೇವೆ. ಇವು ಶರಣಧರ್ಮದ ವಿಷಯಗಳೂ ಹೌದೆಂಬುದನ್ನು ಈ ಪಾಠದಲ್ಲಿ ಪರಾಮರ್ಶಿಸೋಣ.

೧. ಶರಣ ಸಂಕುಲದಲ್ಲಿ ಕಳ್ಳರು

ಕಲ್ಯಾಣದ ಶರಣರ ಗಣದಲ್ಲಿ ಅರಸರೂ ಮಂತ್ರಿಗಳೂ ಇದ್ದಂತೆ, ಪೂರ್ವಾಶ್ರಮದಲ್ಲಿ ಕಳವನ್ನೇ ಜೀವನೋಪಾಯ ಮಾಡಿಕೊಂಡಿದ್ದವರೂ ಇದ್ದರು. ಕನ್ನದ ಮಾರಿತಂದೆಯ ಹೆಸರೇ ಇದಕ್ಕೆ ಸಾಕ್ಷಿ. ಆತನ ವಚನಗಳಲ್ಲಿ ಕನ್ನವಿಕ್ಕುವ ವೃತ್ತಿಯ ಪರಿಭಾಷೆಯೇ ಅನುಭಾವದ ಪರಿಭಾಷೆಯಾಗಿ ಮಾರ್ಪಟ್ಟಿದೆ. ಶರಣರು ಆತನ ಹಿಂದಿನ ಬದುಕನ್ನು ಮುಚ್ಚಿಡಲಿಲ್ಲ, ಆತನೂ ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದ ಭಯವೇ ಅಲ್ಲಿರಲಿಲ್ಲ.

ಇದಕ್ಕಿಂತಲೂ ಬೋಧಪ್ರದವಾದುದು ಉರಿಲಿಂಗಪೆದ್ದಿಯ ಚರಿತ್ರೆ. ಅಸ್ಪೃಶ್ಯವೆಂದು ತುಚ್ಛೀಕರಿಸಲ್ಪಟ್ಟ ಕುಲದಲ್ಲಿ ಹುಟ್ಟಿದ ಪೆದ್ದಣ್ಣನು ಒಂದು ರಾತ್ರಿ ಕಳವಿಗೆಂದು ಒಂದು ಮನೆಯನ್ನು ಹೊಕ್ಕನೆಂದೂ, ಆ ಮನೆಯಲ್ಲಿ ಉರಿಲಿಂಗದೇವರು ಭಕ್ತನಿಗೆ ಲಿಂಗದೀಕ್ಷೆ ಕೊಡುತ್ತಿದ್ದುದನ್ನು ಮರೆಯಲ್ಲಿ ನಿಂತು ಕಂಡನೆಂದೂ, ಆ ನೋಟದಿಂದಲೇ ಅವನ ಮನಸ್ಸು ಪರಿವರ್ತನೆಗೊಂಡಿತೆಂದೂ ಸಂಪ್ರದಾಯವು ಹೇಳುತ್ತದೆ. ಅವನು ದೀಕ್ಷೆಯನ್ನು ಬೇಡಿದನು. ಅದು ಕೂಡಲೆ ದೊರೆಯಲಿಲ್ಲ. ಅವನು ಹಿಂದಿರುಗಲಿಲ್ಲ. ದಿನವೂ ಕಾಡಿನಿಂದ ಸೌದೆಯ ಹೊರೆಯನ್ನು ಹೊತ್ತು ತಂದು ಮಠಕ್ಕೆ ಒಪ್ಪಿಸುತ್ತ ಸೇವೆಗೆ ನಿಂತನು. ಕಡೆಗೆ ಗುರುವು ಆತನಿಗೆ ಲಿಂಗವನ್ನು ಕರುಣಿಸಿದನು. ಆತನು ಶಾಸ್ತ್ರಗಳಲ್ಲಿ ಪಾರಂಗತನಾದ ವಚನಕಾರನಾಗಿ, ಗುರುವಿನ ತರುವಾಯ ಆ ಮಠದ ಪೀಠವನ್ನೇ ಏರಿದನು. ಪತ್ನಿ ಕಾಳವ್ವೆಯೂ ವಚನಗಳನ್ನು ರಚಿಸಿದ ಶರಣೆ.

ಈ ಚರಿತ್ರೆಯಲ್ಲಿ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ದರ್ಶನ: ತನ್ನ ಬದುಕಿಗಿಂತ ಬೇರೊಂದು ಬದುಕುಂಟೆಂಬುದನ್ನು ಪೆದ್ದಣ್ಣನು ಕಣ್ಣಾರೆ ಕಂಡನು. ಎರಡನೆಯದು ಕಾಯಕ: ಆ ಬದುಕನ್ನು ಸೇರುವ ಮುನ್ನ ಅವನ ಕೈಗೊಂದು ಕೆಲಸ ಸಿಕ್ಕಿತು. ಕನ್ನಕೋಲು ಹಿಡಿದ ಕೈ ಸೌದೆಯ ಹೊರೆಯನ್ನು ಹಿಡಿಯಿತು. ಮೂರನೆಯದು ಸ್ಥಾನ: ಪರಿವರ್ತನೆಗೊಂಡವನಿಗೆ ಹೊಸ್ತಿಲಿನ ಹೊರಗೆ ಜಾಗ ಕೊಟ್ಟು ಸುಮ್ಮನಾಗಲಿಲ್ಲ, ಗುರುಪೀಠವನ್ನೇ ಕೊಟ್ಟರು. ನಮ್ಮ ಕಾಲದಲ್ಲಿ ಪಶ್ಚಾತ್ತಾಪ ಪಟ್ಟವರಿಗೆ ಕೊರತೆಯಿಲ್ಲ. ಪಶ್ಚಾತ್ತಾಪಪಟ್ಟವನ ಹೊರೆಯನ್ನು ಬಾಗಿಲಲ್ಲಿ ಇಳಿಸಿಕೊಳ್ಳುವ ಮಠಗಳಿಗೂ ಮನೆಗಳಿಗೂ ಕೊರತೆಯಿದೆ.

೨. ಹುಟ್ಟುಗಳ್ಳರೆಂಬ ಹೆಸರು

ಶರಣರು ಕಳ್ಳನನ್ನು ಗುರುವನ್ನಾಗಿ ಮಾಡಿದ ನಾಡಿನಲ್ಲಿಯೇ, ಕಳವು ಮಾಡದವರನ್ನೂ ಕಳ್ಳರೆಂದು ಕರೆದ ಕಾಲವೊಂದು ಬಂದಿತು. ೧೮೭೧ರಲ್ಲಿ ಬ್ರಿಟಿಷ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಜಾರಿಗೆ ತಂದಿತು. ಉತ್ತರ ಭಾರತದಲ್ಲಿ ಆರಂಭವಾದ ಈ ಕಾಯಿದೆಯು ೧೯೧೧ರಲ್ಲಿ ಮುಂಬಯಿ, ಮದರಾಸು ಪ್ರಾಂತಗಳನ್ನೂ ಒಳಗೊಂಡಿತು. ಇದರ ಪ್ರಕಾರ ಒಂದು ಜನಾಂಗವನ್ನು ಇಡಿಯಾಗಿ 'ಅಪರಾಧಿ'ಯೆಂದು ಘೋಷಿಸಬಹುದಾಗಿತ್ತು. ಹಾಗೆ ಘೋಷಿತವಾದ ಜಾತಿಯಲ್ಲಿ ಹುಟ್ಟಿದ ಕೂಸು, ತೊಟ್ಟಿಲಲ್ಲಿ ಮಲಗಿರುವಾಗಲೇ ಅಪರಾಧಿಗಳ ಜಾತಿಗೆ ಸೇರಿದುದಾಗುತ್ತಿತ್ತು.

ನಮ್ಮ ಹುಬ್ಬಳ್ಳಿ, ಗದಗ, ವಿಜಯಪುರಗಳ ಹಿರಿಯರಿಗೆ ಇದರ ಪರಿಣಾಮವು ಅಪರಿಚಿತವಲ್ಲ. ಮುಂಬಯಿ ಸರಕಾರವು ಈ ಪಟ್ಟಣಗಳ ಅಂಚಿನಲ್ಲಿ 'ಸೆಟ್ಲ್‌ಮೆಂಟ್'ಗಳನ್ನು ಸ್ಥಾಪಿಸಿ, ಕೊರವರು, ಗಂಟಿಚೋರರು, ಹರಣಶಿಕಾರಿಗಳು ಮೊದಲಾದವರನ್ನು ಕುಟುಂಬಸಮೇತ ಅಲ್ಲಿ ಇರಿಸಿತು. ನಿಯತವಾಗಿ ಹಾಜರಿ ಕೊಡಬೇಕು. ಅಪ್ಪಣೆಯಿಲ್ಲದೆ ಹೊರಗೆ ಹೋಗಕೂಡದು. ಗಿರಣಿ ಕಾರ್ಖಾನೆಗಳಿಗೆ ಇವರ ದುಡಿಮೆಯು ಬೇಕಾಯಿತು. ಊರಿಗೆ ಇವರ ನೆರೆಹೊರೆ ಮಾತ್ರ ಬೇಡವಾಯಿತು. ಸ್ವತಂತ್ರ ಭಾರತವು ೧೯೫೨ನೆಯ ಆಗಸ್ಟ್ ೩೧ರಂದು ಈ ಕಾಯಿದೆಯನ್ನು ರದ್ದುಗೊಳಿಸಿತು. ಅಂದಿನಿಂದ ಈ ಜನಾಂಗಗಳಿಗೆ 'ವಿಮುಕ್ತ' ಎಂಬ ಹೆಸರು ಬಂದಿತು. ಆ ದಿನವನ್ನು ಅವರು ತಮ್ಮ ಬಿಡುಗಡೆಯ ದಿನವಾಗಿ ಆಚರಿಸುತ್ತಾರೆ.

ಕಾಯಿದೆಯು ಹೋಯಿತು. ಆದರೆ ಹೆಸರು ಹೋಯಿತೆ? 'ಸೆಟ್ಲ್‌ಮೆಂಟಿನವನು' ಎಂದೊಡನೆ ಮನೆಗೆಲಸಕ್ಕೆ ಹಿಂಜರಿಯುವ, ಓಣಿಯಲ್ಲಿ ಏನು ಕಾಣೆಯಾದರೂ ಮೊದಲು ಆ ಕಡೆಗೆ ಬೆರಳು ತೋರಿಸುವ ರೂಢಿಯು ಇನ್ನೂ ಅಳಿದಿಲ್ಲ. ಹುಟ್ಟಿನಿಂದ ಮೇಲು ಕೀಳುಗಳಿಲ್ಲವೆಂಬುದು ಶರಣರ ಮೂಲಸಿದ್ಧಾಂತ. ಹುಟ್ಟಿನಿಂದ ಶ್ರೇಷ್ಠನಿಲ್ಲವೆಂದಾದ ಮೇಲೆ ಹುಟ್ಟಿನಿಂದ ಕಳ್ಳನಿರುವುದು ಹೇಗೆ? ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಮನಸ್ಸಿನಲ್ಲಿ ಉಳಿಸಿಕೊಂಡವನು ಬಸವತತ್ತ್ವದ ಅರ್ಧವನ್ನು ಮಾತ್ರ ಒಪ್ಪಿದಂತಾಯಿತು.

೩. ಸೆರೆಮನೆಯಲ್ಲಿರುವವರು ಯಾರು?

ಇಡೀ ಜಾತಿಗೆ ಅಪರಾಧವನ್ನು ಹೊರಿಸುವ ಕಾನೂನು ಇಂದು ಇಲ್ಲ. ಆದರೆ ಬಡತನವೇ ಸೆರೆಯಾಗಿ ಪರಿಣಮಿಸುವ ಬಗೆಯೊಂದು ಉಳಿದುಕೊಂಡಿದೆ. ಸೆರೆಮನೆಯೆಂದರೆ ಅಪರಾಧ ಸಿದ್ಧವಾದವರು ಶಿಕ್ಷೆಯನ್ನು ಅನುಭವಿಸುವ ಸ್ಥಳವೆಂದು ನಾವು ತಿಳಿದಿರುತ್ತೇವೆ. ವಸ್ತುಸ್ಥಿತಿಯು ಬೇರೆ. ಸರಕಾರದ ವರದಿಯ ಪ್ರಕಾರ ೨೦೨೨ನೆಯ ಡಿಸೆಂಬರ್ ೩೧ರಂದು ಭಾರತದ ಸೆರೆಮನೆಗಳಲ್ಲಿ ೪,೩೬,೨೬೬ ಜನರಿಗೆ ಸ್ಥಳಾವಕಾಶವಿದ್ದಿತು. ಇದ್ದವರು ೫,೭೩,೨೨೦ ಮಂದಿ. ಅವರಲ್ಲಿ ೪,೩೪,೩೦೨ ಮಂದಿ ವಿಚಾರಣಾಧೀನರು, ಅಂದರೆ ಅಪರಾಧವು ಇನ್ನೂ ರುಜುವಾತಾಗದವರು. ನಾಲ್ವರು ಬಂದಿಗಳಲ್ಲಿ ಮೂವರು ಇಂಥವರು! ಒಟ್ಟು ಬಂದಿಗಳಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯನ್ನು ಮುಟ್ಟದವರು.

ಇದು ಹೇಗಾಗುತ್ತದೆ? ಪಟ್ಟಣದ ಕೊಳೆಗೇರಿಯಲ್ಲಿ ವಾಸಿಸುವ ಒಬ್ಬ ಕೂಲಿಕಾರನನ್ನು ಭಾವಿಸಿರಿ. ಒಂದು ಕಳವಿನ ಪ್ರಕರಣದಲ್ಲಿ ಅವನ ಬಂಧನವಾಗುತ್ತದೆ. ನ್ಯಾಯಾಧೀಶರು ಜಾಮೀನು ಮಂಜೂರು ಮಾಡುತ್ತಾರೆ. ಆದರೆ ಹೊಣೆಗಾರನೊಬ್ಬನು ಜಮೀನಿನ ಪಹಣಿಯನ್ನೋ ಮನೆಯ ಕಂದಾಯದ ರಸೀದಿಯನ್ನೋ ತೋರಿಸಿ ಸಹಿ ಹಾಕಬೇಕು. ಬಾಡಿಗೆಯ ಗುಡಿಸಲಿನವನಿಗೆ ಪಹಣಿಯುಳ್ಳ ಬಂಧು ಎಲ್ಲಿಂದ ಬರಬೇಕು? ಜಾಮೀನಿನ ಆಜ್ಞೆಯು ಕಡತದಲ್ಲಿ ಉಳಿಯುತ್ತದೆ. ಅವನು ಸೆರೆಯಲ್ಲಿ ಉಳಿಯುತ್ತಾನೆ. ಅಷ್ಟರಲ್ಲಿ ಕೂಲಿ ನಿಲ್ಲುತ್ತದೆ, ಬಾಡಿಗೆ ಏರುತ್ತದೆ, ಹೆಂಡತಿ ಸಾಲ ಮಾಡುತ್ತಾಳೆ, ಹಿರಿಯ ಮಗ ಶಾಲೆ ಬಿಟ್ಟು ಹೋಟೆಲಿನ ತಟ್ಟೆ ತೊಳೆಯಲು ಹೋಗುತ್ತಾನೆ. ತಂದೆಯು ನಿರಪರಾಧಿಯೆಂದು ತೀರ್ಪಾದರೂ ಮಗನ ಶಾಲೆಯು ಮರಳಿ ಬರುವುದಿಲ್ಲ. ಸೆರೆಯು ಒಬ್ಬನಿಗಾದರೆ ದಂಡವು ಮನೆಗೆಲ್ಲ ಆಗುತ್ತದೆ.

ನ್ಯಾಯಾಲಯವೂ ಶಾಸನಸಭೆಯೂ ಇದನ್ನು ಕಾಣದೆ ಇಲ್ಲ. ತಮಗೆ ವಿಧಿಸಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಬಿಹಾರದ ಸೆರೆಗಳಲ್ಲಿ ಕೊಳೆಯುತ್ತಿದ್ದವರ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೭೯ರಲ್ಲಿ, ಹುಸೈನಾರಾ ಖಾತೂನ್ ಪ್ರಕರಣದಲ್ಲಿ, ಶೀಘ್ರ ವಿಚಾರಣೆಯು ಜೀವಿಸುವ ಹಕ್ಕಿನ ಅಂಗವೆಂದು ಸಾರಿತು. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಬಂಧನದಲ್ಲಿರುವ ಪ್ರತಿಯೊಬ್ಬನಿಗೂ ಆದಾಯವನ್ನು ಲೆಕ್ಕಿಸದೆ ಉಚಿತ ವಕೀಲನನ್ನು ಪಡೆಯುವ ಹಕ್ಕಿದೆ. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೪೭೯ನೆಯ ಕಲಮು ಮತ್ತೊಂದು ದಾರಿಯನ್ನು ತೆರೆದಿದೆ. ಹಿಂದೆ ಎಂದೂ ಶಿಕ್ಷೆಗೆ ಗುರಿಯಾಗದವನು ತನ್ನ ಮೇಲಿನ ಆಪಾದನೆಗಿರುವ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ವಿಚಾರಣಾಧೀನನಾಗಿಯೇ ಕಳೆದಿದ್ದರೆ, ನ್ಯಾಯಾಲಯವು ಅವನನ್ನು ಮುಚ್ಚಳಿಕೆಯ ಮೇಲೆ ಬಿಡತಕ್ಕದ್ದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣಗಳುಳ್ಳವರಿಗೂ ಇದು ಅನ್ವಯಿಸದು. ಹಕ್ಕು ಕಾಗದದ ಮೇಲಿದೆ. ಅದನ್ನು ಬಂದಿಯ ಮನೆಯವರಿಗೆ ಓದಿ ಹೇಳುವವರು ಬೇಕು.

ಇಲ್ಲಿ ಮತ್ತೊಂದು ತೀರ್ಪನ್ನು ಸ್ಮರಿಸದಿರಲಾಗದು. ಹಲವು ರಾಜ್ಯಗಳ ಸೆರೆಮನೆ ನಿಯಮಗಳಲ್ಲಿ ಕಸ ಗುಡಿಸುವ, ಪಾಯಖಾನೆ ತೊಳೆಯುವ ಕೆಲಸವು ಒಂದು ಜಾತಿಯವರಿಗೆ, ಅಡಿಗೆಯ ಕೆಲಸವು ಮತ್ತೊಂದು ಜಾತಿಯವರಿಗೆ ಎಂಬ ವಿಂಗಡಣೆಯು ಸ್ವಾತಂತ್ರ್ಯಾನಂತರವೂ ಉಳಿದಿತ್ತು. ಸರ್ವೋಚ್ಚ ನ್ಯಾಯಾಲಯವು ೨೦೨೪ನೆಯ ಅಕ್ಟೋಬರ್ ೩ರಂದು, ಸುಕನ್ಯಾ ಶಾಂತಾ ಪ್ರಕರಣದಲ್ಲಿ, ಇದನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿ, ಬಂದಿಗಳ ದಾಖಲೆಗಳಿಂದ ಜಾತಿಯ ಕಲಮನ್ನೇ ತೆಗೆಯಬೇಕೆಂದು ಆದೇಶಿಸಿತು. ಬೀದಿ ಗುಡಿಸುವುದನ್ನು ಕಾಯಕವಾಗಿ ಸ್ವೀಕರಿಸಿದ ಸತ್ಯಕ್ಕನನ್ನು ಶರಣರು ತಮ್ಮ ಸಮಾನಳೆಂದು ಹನ್ನೆರಡನೆಯ ಶತಮಾನದಲ್ಲಿಯೇ ಗೌರವಿಸಿದರು. ಅವರು ಕಂಡ ಸತ್ಯವು ಸೆರೆಮನೆಯ ಗೋಡೆಯೊಳಗೆ ತಲಪಲು ಎಂಟು ನೂರು ವರ್ಷಗಳಿಗಿಂತ ಹೆಚ್ಚು ಕಾಲ ಬೇಕಾಯಿತೆಂಬುದು ನಮಗೆ ಲಜ್ಜೆಯ ವಿಷಯ.

೪. ಒಂದು ಆಕ್ಷೇಪ

'ಕಳ್ಳನ ಮೇಲೆ ಇಷ್ಟು ಕರುಣೆಯಾದರೆ ಕಳೆದುಕೊಂಡವನ ಗತಿಯೇನು?' ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯು ನ್ಯಾಯವಾದುದು. ಇದನ್ನು ಹಾರಿಸಿ ಮುಂದೆ ಹೋಗುವ ಉಪದೇಶವು ಟೊಳ್ಳು.

ಕಳ್ಳರು ಬಸವಣ್ಣನವರ ಆಕಳುಗಳನ್ನು ಹೊಡೆದುಕೊಂಡು ಹೋದಾಗ, ಅಣ್ಣನವರು ಕಳ್ಳರನ್ನು ಬೈಯದೆ, ಹಾಲನ್ನುಣ್ಣುವಾತನು ಅಲ್ಲಿಯೂ ಇಲ್ಲಿಯೂ ಸಂಗಮನಾಥನೊಬ್ಬನೇ ಎಂದು ಭಾವಿಸಿದರೆಂಬುದೂ, ತಾಯಿಯನ್ನಗಲಿದ ಕರುಗಳನ್ನೂ ಅವರಿಗೇ ಕೊಟ್ಟು ಕಳುಹಿಸಿದರೆಂಬುದೂ ಭಕ್ತರೆಲ್ಲರೂ ಬಲ್ಲ ಕಥೆ. ಆದರೆ ಆ ಆಕಳುಗಳು ಬಸವಣ್ಣನವರವು. ತನ್ನ ಆಕಳನ್ನು ಬಿಟ್ಟುಕೊಡುವುದು ತ್ಯಾಗ. ನೆರೆಯ ಬಡವೆಯ ಆಕಳನ್ನು ಬಿಟ್ಟುಕೊಡೆಂದು ಅವಳಿಗೆ ಉಪದೇಶಿಸುವುದು ತ್ಯಾಗವಲ್ಲ. ಬಡ ಕೇರಿಗಳಲ್ಲಿ ಕಳವು, ಕುಡಿತ, ಹೊಡೆದಾಟಗಳಿಂದ ಅತಿ ಹೆಚ್ಚು ಬಾಧೆಪಡುವವರು ಆ ಕೇರಿಯ ಬಡವರೇ. ಹೂ ಮಾರಿ ಕೂಡಿಟ್ಟ ದುಡ್ಡು ಹೋದ ತಾಯಿಗೆ, ಮದ್ಯದ ಅಮಲಿನವನಿಂದ ಏಟು ತಿಂದ ಹೆಂಗಸಿಗೆ ರಕ್ಷಣೆ ಬೇಕು, ಪರಿಹಾರ ಬೇಕು. ಪೊಲೀಸು ಠಾಣೆಯಲ್ಲಿ ಅವರ ಫಿರ್ಯಾದಿಗೆ ಉಳ್ಳವರ ಫಿರ್ಯಾದಿಯಷ್ಟೇ ಬೆಲೆ ಬೇಕು. ದುಷ್ಕೃತ್ಯಕ್ಕೆ ದಂಡನೆಯು ಬೇಡವೆಂದು ಈ ಲೇಖನವು ಹೇಳುವುದಿಲ್ಲ.

ಈ ಲೇಖನವು ಹೇಳುವುದು ಇಷ್ಟು: ದಂಡನೆಗೆ ಒಂದು ಅವಧಿಯಿದೆ, ಹೆಸರಿಗೆ ಅವಧಿಯಿಲ್ಲ. ನ್ಯಾಯಾಧೀಶನು ವಿಧಿಸಿದ ಎರಡು ವರ್ಷವು ಎರಡು ವರ್ಷಕ್ಕೆ ಮುಗಿಯುತ್ತದೆ. ಊರು ವಿಧಿಸಿದ ಶಿಕ್ಷೆಯು ಮುಗಿಯುವುದೇ ಇಲ್ಲ. ಹೊರಬಂದವನಿಗೆ ಬಾಡಿಗೆಗೆ ಮನೆಯಿಲ್ಲ, ಅಂಗಡಿಯಲ್ಲಿ ಕೆಲಸವಿಲ್ಲ, ಮಗಳಿಗೆ ವರನಿಲ್ಲ. ಅವನನ್ನು ಬಾ ಎಂದು ಕರೆಯುವವರು ಹಳೆಯ ಸಂಗಾತಿಗಳು ಮಾತ್ರ. ಅವನು ಮತ್ತೆ ಅವರನ್ನು ಸೇರಿದಾಗ 'ನಾವು ಅಂದಂತೆಯೇ ಆಯಿತಲ್ಲ' ಎನ್ನುತ್ತೇವೆ. ಆ ಎರಡನೆಯ ಕಳವಿನಲ್ಲಿ ನಮ್ಮ ಪಾಲೂ ಇಲ್ಲವೆ? ಆ ಕಳವಿನಿಂದ ನೊಂದವನ ಶಾಪವು ಒಬ್ಬನಿಗೆ ಮಾತ್ರ ತಗಲೀತೆ?

ಮತ್ತೊಂದು ಮಾತು. ಕನ್ನಕೋಲಿಲ್ಲದೆಯೂ ಕನ್ನವಿಕ್ಕಬಹುದು. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಆ ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅದು ಕದ್ದ ಅಕ್ಕಿಯಾಗಿರಲಿಲ್ಲ, ನೆಲಕ್ಕೆ ಬಿದ್ದ ಅಕ್ಕಿ. ಆದರೂ ಅಗತ್ಯಕ್ಕೆ ಮೀರಿದ್ದು ಆಕೆಗೆ ಆಸೆಯ ಫಲವಾಗಿ ಕಂಡಿತು. ಆ ತಾಯಿಯ ತಕ್ಕಡಿಯಲ್ಲಿ ನಮ್ಮನ್ನು ತೂಗಿದರೆ ಏನಾದೀತು? ಆಳಿನ ಕೂಲಿಯನ್ನು ತಿಂಗಳುಗಟ್ಟಲೆ ತಡೆಯುವವನು, ಬಡವನ ಒಡವೆಯನ್ನು ಮಿತಿಮೀರಿದ ಬಡ್ಡಿಗೆ ಮುಳುಗಿಸುವವನು, ತೂಕದಲ್ಲಿ ಕಡಿಮೆ ಮಾಡುವವನು, ಕೊಳೆಗೇರಿಯ ಜೋಪಡಿಗೆ ನೀರು ಬೆಳಕು ಕೊಡದೆ ಬಾಡಿಗೆಯನ್ನು ಮಾತ್ರ ವಸೂಲು ಮಾಡುವವನು: ಇವರಾರ ಕೈಗೂ ಕೋಳ ಬೀಳುವುದು ಅಪರೂಪ. ಲೋಕವನ್ನು ತಿದ್ದುವ ಮುನ್ನ ತನ್ನನ್ನು ನೋಡಿಕೊಳ್ಳಬೇಕೆಂಬ ಬಸವಣ್ಣನವರ ಬೋಧೆಯು ಇಂಥ ಸ್ಥಳದಲ್ಲಿಯೇ ನಮಗೆ ತಾಗಬೇಕು.

೫. ಗೃಹಸ್ಥನು ಮಾಡತಕ್ಕುದೇನು?

ನುಡಿದಂತೆ ನಡೆಯುವುದೇ ಶರಣಪಥವಾದುದರಿಂದ, ಭಕ್ತರು ಆಚರಿಸಬಹುದಾದ ಐದು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲನೆಯದು ನಾಲಗೆಯ ನಿಯಮ. ಒಂದು ಕೇರಿಯ, ಒಂದು ಜಾತಿಯ ಹೆಸರನ್ನು ಕಳವಿನೊಡನೆ ಜೋಡಿಸಿ ಆಡುವ ಮಾತನ್ನು ಮನೆಯಲ್ಲಿ ನಿಲ್ಲಿಸಬೇಕು. ಮಕ್ಕಳು ಕಿವಿಯಿಂದ ಕಲಿಯುತ್ತಾರೆ. ಬೆಳಗಿನ ವಚನಪಠಣವನ್ನು ಮಧ್ಯಾಹ್ನದ ಹರಟೆಯು ಅಳಿಸಿಹಾಕಬಾರದು.

ಎರಡನೆಯದು ಹೊಣೆ. ಪಹಣಿಯುಳ್ಳವರು ತಮಗೆ ಪರಿಚಿತನಾದ, ವಿಶ್ವಾಸಕ್ಕೆ ಅರ್ಹನೆಂದು ಕಂಡ ಬಡ ಆಪಾದಿತನಿಗೆ ಜಾಮೀನು ನಿಲ್ಲಬಹುದು. ಅವನು ತಪ್ಪಿಸಿಕೊಂಡರೆ ಮುಚ್ಚಳಿಕೆಯ ಹಣವನ್ನು ತೆರಬೇಕಾದೀತೆಂಬುದು ನಿಜ. ಆದುದರಿಂದ ವಿಚಾರಿಸಿ ನಿಲ್ಲತಕ್ಕದ್ದು. ಒಬ್ಬರ ಬದಲು ನಾಲ್ವರು ಭಕ್ತರು ಆ ನಷ್ಟವನ್ನು ಹಂಚಿಕೊಳ್ಳಲು ಮೊದಲೇ ಒಪ್ಪಿಕೊಳ್ಳುವುದು ಲೇಸು. ಲಘು ಅಪರಾಧದಲ್ಲಿ ಮೊದಲ ಬಾರಿ ಸಿಕ್ಕವನನ್ನು ಸೆರೆಗೆ ಕಳುಹಿಸದೆ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಲು ೧೯೫೮ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯು ಅವಕಾಶ ಕೊಡುತ್ತದೆ. ಅಲ್ಲಿಯೂ ಗೌರವಸ್ಥನೊಬ್ಬನ ಹೊಣೆಗೆ ಬೆಲೆಯುಂಟು. ಜಾಮೀನಿನ ಅಥವಾ ದಂಡದ ಹಣವನ್ನು ತೆರಲಾರದ ಬಡ ಬಂದಿಗಳಿಗೆ ನೆರವಾಗುವ ಕೇಂದ್ರ ಸರಕಾರದ ಯೋಜನೆಯೊಂದು ೨೦೨೩ರಲ್ಲಿ ಬಂದಿದೆ. ತಾಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯವರೆಗೆ ಬಂದಿಯ ಹೆಂಡತಿಯೊಡನೆ ನಡೆದು ಹೋಗುವುದೂ ಒಂದು ದಾಸೋಹವೇ.

ಮೂರನೆಯದು ಕಾಯಕ. ಪೆದ್ದಣ್ಣನಿಗೆ ಮಠವು ಮೊದಲು ಕೊಟ್ಟದ್ದು ಉಪದೇಶವಲ್ಲ, ಸೌದೆಯ ಹೊರೆ. ಅಂಗಡಿ, ಗಿರಣಿ, ಹೊಲ, ಕಟ್ಟಡದ ಕೆಲಸವುಳ್ಳ ಭಕ್ತರು ಸೆರೆಯಿಂದ ಬಂದ ಒಬ್ಬನಿಗೆ ಕೆಲಸ ಕೊಡಲಿ. ಮೊದಲ ದಿನವೇ ಹಣದ ಪೆಟ್ಟಿಗೆಯ ಕೀಲಿಯನ್ನು ಕೊಡಿರೆಂದು ಹೇಳುವುದಿಲ್ಲ. ವಿಶ್ವಾಸವೂ ಮೆಟ್ಟಿಲು ಮೆಟ್ಟಿಲಾಗಿ ಏರುವಂಥದು. ಕೂಲಿಯು ಮಾತ್ರ ಇತರರಷ್ಟೇ ಇರಲಿ. ಹಳೆಯ ಮಾತನ್ನು ಎತ್ತಿ ಅಗ್ಗಕ್ಕೆ ದುಡಿಸಿಕೊಳ್ಳುವುದು ಹೊಸದೊಂದು ಕಳವು.

ನಾಲ್ಕನೆಯದು ಮಕ್ಕಳು. ಸಿದ್ಧಗಂಗೆಯಲ್ಲಿ, ಧಾರವಾಡದ ಮುರುಘಾಮಠದಲ್ಲಿ, ನಾಡಿನ ಇನ್ನೂ ಹಲವು ಮಠಗಳಲ್ಲಿ ನಡೆದುಬಂದ ಉಚಿತ ಪ್ರಸಾದ ನಿಲಯಗಳು ಬಡ ಮಕ್ಕಳ ಪಾಲಿಗೆ ಕಲ್ಪವೃಕ್ಷಗಳಾಗಿವೆ. ತಂದೆಯು ಸೆರೆಯಲ್ಲಿರುವ ಮಗುವನ್ನು ಹುಡುಕಿ, ಇಂಥ ನಿಲಯಕ್ಕೆ ತಂದು ಸೇರಿಸುವ ಹೊಣೆಯನ್ನು ಊರಿಗೊಬ್ಬ ಭಕ್ತನು ಹೊರಲಿ. ಅರ್ಜಿಯಲ್ಲಿ ತಂದೆಯ ಸ್ಥಿತಿಯನ್ನು ಬರೆಯಲು ಆ ಮಗುವು ನಾಚದಂತೆ ನಡೆಸಿಕೊಳ್ಳುವುದು ನಿಲಯದವರ ಧರ್ಮ.

ಐದನೆಯದು ಕೇರಿ. ದೀಪವಿಲ್ಲದ ಬೀದಿ, ಬಾಗಿಲಿಲ್ಲದ ಶೌಚಗೃಹ, ಓದಲು ಜಾಗವಿಲ್ಲದ ಒಂದೇ ಕೋಣೆಯ ಮನೆ, ಹತ್ತಿರದಲ್ಲಿಯೇ ಮದ್ಯದ ಅಂಗಡಿ: ಇವುಗಳ ನಡುವೆ ಬೆಳೆದ ತರುಣನು ಎಡವಿದರೆ ಅವನೊಬ್ಬನನ್ನೇ ದೂಷಿಸುವುದು ಯುಕ್ತವಲ್ಲ. ಇಂಥ ಪ್ರದೇಶಗಳ ಸುಧಾರಣೆಗೆಂದೇ ಕರ್ನಾಟಕದಲ್ಲಿ ೧೯೭೩ರ ಕೊಳೆಗೇರಿ ಪ್ರದೇಶಗಳ ಕಾಯಿದೆಯಿದೆ. ಆ ಕೇರಿಯವರು ತಾವೇ ಕೂಡಿ ಬರೆಯುವ ಅರ್ಜಿಗೆ ನಮ್ಮ ವಕೀಲರೂ ಉಪಾಧ್ಯಾಯರೂ ನೆರವಾಗಲಿ. ಮಠದ ಜಗಲಿಯಲ್ಲಿ ರಾತ್ರಿ ದೀಪ ಹಚ್ಚಿ ಅಲ್ಲಿನ ಮಕ್ಕಳಿಗೆ ಓದಲು ಸ್ಥಳ ಕೊಡಲಿ. ಆದರೆ ಉದ್ಧಾರಕರೆಂಬ ಗರ್ವದಿಂದ ಅಲ್ಲಿಗೆ ಹೋಗಕೂಡದು. ಕೊಟ್ಟೆನೆಂಬ ಅಹಂಭಾವ ಸೇರಿದೊಡನೆ ದಾಸೋಹವು ಬರಿಯ ದಾನವಾಗಿ ಇಳಿಯುತ್ತದೆ. ಕಲಿಸಲು ಹೋದವರು ಕಲಿಯಲೂ ಸಿದ್ಧರಿರಬೇಕು. ಅರೆಹೊಟ್ಟೆಯಲ್ಲಿಯೂ ನೆರೆಯವನ ಕೂಸಿಗೆ ಗಂಜಿ ಹಂಚುವ ತಾಯಂದಿರು ಆ ಕೇರಿಗಳಲ್ಲಿ ಎಷ್ಟಿಲ್ಲ!

ಉಪಸಂಹಾರ

ಪೆದ್ದಣ್ಣನು ಹೊರೆ ಹೊತ್ತು ಬಂದ ಮೊದಲ ದಿನ ಮಠದ ಬಾಗಿಲಲ್ಲಿದ್ದವರು, 'ಇವನು ಕಳ್ಳ, ಒಳಗೆ ಬಿಡಬೇಡಿರಿ' ಎಂದು ಕದವಿಕ್ಕಿದ್ದರೆ ಏನಾಗುತ್ತಿತ್ತು? ಕಳ್ಳನೊಬ್ಬನು ಕಳ್ಳನಾಗಿಯೇ ಉಳಿಯುತ್ತಿದ್ದನು. ನಷ್ಟವು ಅಷ್ಟೇ ಅಲ್ಲ. ಒಂದು ಗುರುಪೀಠವು ತನ್ನ ಗುರುವನ್ನು ಕಳೆದುಕೊಳ್ಳುತ್ತಿತ್ತು, ಕನ್ನಡವು ಒಬ್ಬ ವಚನಕಾರನನ್ನು ಕಳೆದುಕೊಳ್ಳುತ್ತಿತ್ತು. ಕದವಿಕ್ಕಿದವರಿಗೆ ತಾವು ಏನನ್ನು ಕಳೆದುಕೊಂಡೆವೆಂಬುದು ಎಂದಿಗೂ ತಿಳಿಯುತ್ತಿರಲಿಲ್ಲ.

ಇಂದು ಯಾವುದೋ ಸೆರೆಮನೆಯ ಬಾಗಿಲು ತೆರೆದು ಒಬ್ಬನು ಕೈಚೀಲವನ್ನು ಹಿಡಿದು ಹೊರಗೆ ಬರುತ್ತಿದ್ದಾನೆ. ಅವನು ಯಾರ ಮನೆಯ ಬಾಗಿಲಿಗೆ ಬರುವನೋ ಬಲ್ಲವರಿಲ್ಲ. ನಮ್ಮ ಬಾಗಿಲಿಗೆ ಬಂದರೆ, ಅನ್ಯನೆಂದು ಅಸಹ್ಯಪಡದೆ, ನಮ್ಮ ಮನೆಯ ಮಗನೆಂದು ಕಾಣುವ ಕಣ್ಣನ್ನು ಕೂಡಲಸಂಗಮದೇವನು ನಮಗೆ ದಯಪಾಲಿಸಲಿ.

ಶರಣು ಶರಣಾರ್ಥಿ.